ಪಕ್ಕದ ಮರ

ನವೆಂಬರ್ ಐದು, ಮಂಗಳವಾರ. ಬೆಳಿಗ್ಗೆ ಎಂಟೂಕಾಲಿಗೆ ಕಾಸ್ತೆಲ್‌ವೆರ್ನಾ ಠಾಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಮುದುಕನೊಬ್ಬ ಒಳಗೆ ಬಂದ. ಕೋಟು ಬಿಚ್ಚಿ ಅದರಲ್ಲಿ ಏನನ್ನೋ ಸುತ್ತಿ, ಮಲಗಿದ ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡಿದ್ದ. ಕೋಟಿನ ಅಂಚಿನಿಂದ ಗುಂಗುರು ಕೂದಲಿನ ಕಾಲೊಂದು ಜೋತಾಡುತ್ತಿತ್ತು.

ಇನ್ಸ್‌ಪೆಕ್ಟರ್ ನಾತಾಲೆ ಫಾಬ್ರೆಟ್ಟಿ ಕಾಫಿ ಲೋಟವನ್ನು ಪಕ್ಕಕ್ಕಿಟ್ಟು ಎದ್ದ. ಮುದುಕ ಯಾರೆಂದು ಕೇಳಬೇಕಾದ ಅಗತ್ಯವಿರಲಿಲ್ಲ. ಎಜಿಸ್ತೊ ಮಾರಿಂಕೊಲಾ, ವಯಸ್ಸು ಎಂಬತ್ತೊಂದು. ಆ ಗುಡ್ಡಗಳ ಓಕ್ ಮರಗಳ ಬೇರಿನಲ್ಲಿ, ಮಣ್ಣಿನಡಿಯಲ್ಲಿ ಬೆಳೆಯುವ ಬಿಳಿ ಟ್ರಫಲ್ ಅಣಬೆಯನ್ನು ನಾಯಿಯಿಂದ ಹುಡುಕಿಸಿ ತೆಗೆಯುವವರಲ್ಲಿ ಅವನೇ ಹಿರಿಯ.

"ಬರ್ಕೋ ಸಾಹೇಬ," ಅಂದ ಮುದುಕ. "ರಿನಾಲ್ದೊ ಚೆಕ್ಕಿ ನನ್ನ ಬ್ರಿಚೊಲಾಗೆ ವಿಷ ಹಾಕಿದ."

"ಹಾಕಿದ್ದನ್ನ ಕಂಡ್ರಾ ಅಜ್ಜಾ?"

"ಕಾಣೋದೇನಿದೆ? ಮೂರು ವರ್ಷದಿಂದ ನನ್ನ ಮರಗಳನ್ನ ಬರಿದು ಮಾಡ್ತಾ ಇದಾನೆ. ಈಗ ನನ್ನ ನಾಯೀನೂ ತಿಂದ."

ಅಣಬೆ ಸಿಗುವ ಮರ ಯಾವುದು ಎಂಬುದನ್ನು ಆ ಕಡೆಯವರು ಯಾರಿಗೂ ಹೇಳುವುದಿಲ್ಲ. ಕಾಗದದ ಮೇಲೆ ಬರೆದಿಡುವುದಿಲ್ಲ, ಮರಕ್ಕೆ ಗುರುತು ಹಾಕುವುದಿಲ್ಲ. ಎಲ್ಲವೂ ತಲೆಯೊಳಗೆ ಇರಬೇಕು. ಅಪ್ಪ ಸಾಯುವಾಗ ಮಗನ ಕಿವಿಯಲ್ಲಿ ಹೇಳಿದರೆ ಹೇಳಿದ, ಇಲ್ಲದಿದ್ದರೆ ಇಲ್ಲ. ಎಜಿಸ್ತೊ ಅರವತ್ತು ವರ್ಷ ಹಾಗೆಯೇ ನಡೆಸಿಕೊಂಡು ಬಂದವನು. ಈಗ ಮೂರು ಹಂಗಾಮುಗಳಿಂದ ಅವನ ಚೀಲ ಹಗುರವಾಗಿಯೇ ಮನೆಗೆ ಮರಳುತ್ತಿತ್ತು. ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಕಾನ್‌ಸ್ಟೇಬಲ್ ಲೋರೆನಾ ಎಫ್‌ಐಆರ್ ದಾಖಲಿಸಿದಳು. ನಾಯಿಯನ್ನು ಪಶುವೈದ್ಯರಿಗೆ ಕಳುಹಿಸುವ ಮೊದಲು ನಿಯಮದಂತೆ ಫೋಟೊ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ವರದಿ ಬಂತು. ತೋಟದ ಬಸವನಹುಳುಗಳಿಗೆ ಹಾಕುವ ವಿಷವನ್ನು ಹಂದಿಮಾಂಸದ ಉಂಡೆಯಲ್ಲಿ ಬೆರೆಸಲಾಗಿತ್ತು.

ಎರಡೂವರೆಗೆ ಸ್ಥಳ ಪಂಚನಾಮೆ. ಅರಣ್ಯ ಕಾವಲುಗಾರ ಮತ್ತು ಬೇಕರಿಯವನು ಪಂಚರಾಗಿ ಬಂದರು. ಎಜಿಸ್ತೊ ಯಾವ ಅನುಮಾನವೂ ಇಲ್ಲದವನಂತೆ ಮುಂದೆ ಮುಂದೆ ನಡೆದು ಒಂದು ಬಿಳಿ ಬಂಡೆಯ ಬಳಿ ನಿಂತು, ಇಲ್ಲಿಯೇ ಅವಳು ಬಿದ್ದದ್ದು ಎಂದು ತೋರಿಸಿದ. ಅಲ್ಲಿ ಎಲೆ ಕದಲಿದ ಗುರುತೂ ಇರಲಿಲ್ಲ. ಲೋರೆನಾ ಸುತ್ತ ಹುಡುಕುತ್ತ ಕೆಳಗೆ ಹಳ್ಳದವರೆಗೆ ಇಳಿದಳು. ನಾಯಿಯ ವಾಂತಿ, ಉಗುರಿನಿಂದ ಕೆದರಿದ ನೆಲ, ಕಚ್ಚಿ ಉಳಿದ ಉಂಡೆಯ ಚೂರು, ಎಲ್ಲ ಸಿಕ್ಕಿದ್ದು ಅಲ್ಲಿ.

"ಬೇಕಂತಲೇ ತಪ್ಪು ಜಾಗ ತೋರಿಸ್ತಾರೆ ಸರ್," ಎಂದಳು.

ಫಾಬ್ರೆಟ್ಟಿ ನಕ್ಕ. ಆ ಕಡೆಯವರು ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವಾಗಲೂ ಮರದ ಜಾಗ ಮಾತ್ರ ಸುಳ್ಳು ಹೇಳುತ್ತಾರೆ. ಅವಳು ಪಟ್ಟಣದವಳು, ಅವಳಿಗೆ ಹೊಸದು. ಅವನು ಸಿಕ್ಕ ಜಾಗವನ್ನೇ ಬರೆಸಿ ಸಹಿ ಹಾಕಿಸಿದ.

ಸಂಜೆಯೊಳಗೆ ಊರು ತನ್ನ ತೀರ್ಪು ಕೊಟ್ಟಾಗಿತ್ತು. ರಿನಾಲ್ದೊ ಚೆಕ್ಕಿ ಬಾರಿನಲ್ಲಿ ಒಬ್ಬನೇ ನಿಂತಿದ್ದ. ಅವನ ಅಕ್ಕಪಕ್ಕದಲ್ಲಿ ಜಾಗವಿದ್ದರೂ ಯಾರೂ ಒರಗಿ ನಿಲ್ಲಲಿಲ್ಲ. ಅವನ ವ್ಯಾನಿನ ಎರಡು ಟೈರುಗಳನ್ನು ಯಾರೋ ಸೀಳಿದ್ದರು. ಅಣಬೆ ತೆಗೆಯುವ ಲೈಸೆನ್ಸನ್ನು ಇಲಾಖೆ ವಶಕ್ಕೆ ತೆಗೆದುಕೊಂಡಿತ್ತು. ಮೂರು ತಿಂಗಳ ಹಂಗಾಮಿನಲ್ಲಿ ದುಡಿದು ವರ್ಷವಿಡೀ ಮನೆ ನಡೆಸುವವನು ಅವನು.

ಎಜಿಸ್ತೊ ಜೊತೆ ಜಗಳವಾಗಿತ್ತಂತಲ್ಲ ಎಂದು ಫಾಬ್ರೆಟ್ಟಿ ಕೇಳಿದ.

"ಆಗಿತ್ತು. ಹೋದ ತಿಂಗಳು ಇಲ್ಲೇ, ಎಲ್ಲರ ಮುಂದೆ ನನ್ನ ಕಳ್ಳ ಅಂದ," ಎಂದ ರಿನಾಲ್ದೊ. "ನಾನು ನಾಯಿ ಕೊಲ್ಲೋನಲ್ಲ ಸಾಹೇಬ್ರೆ. ಕೊಲ್ಲೋ ಹಾಗಿದ್ರೆ ಬೊಗಳೋದನ್ನ ಬಿಟ್ಟು ಮಾತಾಡೋದನ್ನ ಕೊಲ್ತಿದ್ದೆ."

ಅವನ ಕೊಟ್ಟಿಗೆಯಲ್ಲಿ ಬಸವನಹುಳುವಿನ ವಿಷದ ಡಬ್ಬಿ ಸಿಕ್ಕಿತು. ತರಕಾರಿ ಬೆಳೆಯುವ ಪ್ರತಿ ಮನೆಯಲ್ಲೂ ಅದಿರುತ್ತದೆ, ಫಾಬ್ರೆಟ್ಟಿಯ ಮನೆಯಲ್ಲೂ ಇತ್ತು. ಆದರೂ ಡಬ್ಬಿಯನ್ನು ಜಪ್ತಿ ಮಾಡಿದ. ಇನ್ನೊಂದು ಸಾಕ್ಷಿ ಸಿಕ್ಕಿದ್ದರೆ ಅಂದೇ ಬಂಧಿಸಿಬಿಡುತ್ತಿದ್ದ.

ಬುಧವಾರ ಬೆಳಗಿನ ಪೂಜೆಗೆ ಫಾಬ್ರೆಟ್ಟಿ ಇಗರ್ಜಿಯ ಹಿಂದಿನ ಬೆಂಚಿನಲ್ಲಿ ಕುಳಿತ. ನವೆಂಬರ್ ಸತ್ತವರ ತಿಂಗಳು. ಪಾದ್ರಿ ಹೆಸರುಗಳನ್ನು ಓದುತ್ತಿದ್ದರು, ಜನ ತಲೆ ತಗ್ಗಿಸಿದ್ದರು. ಅವನ ಮನಸ್ಸು ಮಾತ್ರ ಪ್ರಾರ್ಥನೆಯಲ್ಲಿ ನಿಲ್ಲಲೊಲ್ಲದು. ನಾಯಿಯ ಫೋಟೊ ಕಣ್ಣ ಮುಂದೆ ಬರುತ್ತಿತ್ತು. ಅದರಲ್ಲಿ ಏನೋ ಇರಬಾರದ್ದು ಇತ್ತು. ಏನೆಂದು ಹೊಳೆದಾಗ ಅವನು ಮೊಣಕಾಲೂರಿದಲ್ಲಿಂದ ಹಾಗೆಯೇ ಎದ್ದು ಹೊರಗೆ ನಡೆದ.

ನಾಯಿಯ ಕೊರಳಪಟ್ಟಿಗೆ ಹಗ್ಗ ಕಟ್ಟಿತ್ತು. ಅಣಬೆ ಹುಡುಕುವ ನಾಯಿಯನ್ನು ಕಾಡಿನೊಳಗೆ ಯಾರೂ ಕಟ್ಟುವುದಿಲ್ಲ. ಕಟ್ಟಿದ ನಾಯಿ ಹುಡುಕುವುದೇ ಇಲ್ಲ. ಕಾಡಿನಲ್ಲಿ ತಿನ್ನಬಾರದ್ದು ಬಿದ್ದಿದೆ ಎಂದು ಮೊದಲೇ ಗೊತ್ತಿದ್ದವನು ಮಾತ್ರ ಹಗ್ಗ ಹಿಡಿದಾನು.

ಮೆಟ್ಟಿಲಿಳಿಯುವಾಗಲೇ ಲೋರೆನಾಳ ಫೋನು ಬಂತು. ಕುರಿಗಾಹಿಯೊಬ್ಬನ ನಾಯಿ ಅದೇ ಕಾಡಿನಲ್ಲಿ ಉಂಡೆಯೊಂದನ್ನು ಕಚ್ಚಿ ಉಗುಳಿತ್ತಂತೆ. ನಾಯಿ ಬದುಕಿಕೊಂಡಿತು. ಅಂದರೆ ಉಂಡೆಗಳು ಇನ್ನೂ ಇವೆ. ಕಾಡಿನ ದಾರಿಗೆ ಅಡ್ಡ ಪಟ್ಟಿ ಕಟ್ಟಿಸು ಎಂದು ಹೇಳಿದನೇನೋ ಸರಿ, ಹಂಗಾಮಿನ ನಡುವೆ ಪಟ್ಟಿ ನೋಡಿ ನಿಲ್ಲುವ ಜನ ಇಲ್ಲಿ ಯಾರೂ ಇಲ್ಲವೆಂದೂ ಅವನಿಗೆ ಗೊತ್ತಿತ್ತು. ಅವರು ನಾಯಿಗಳ ಸಮೇತ ಪಟ್ಟಿಯಡಿ ನುಸುಳಿ ಹೋಗುತ್ತಾರೆ.

ಎಜಿಸ್ತೊ ಮಗಳು ಮಿರೆಲ್ಲಾ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು. ಅಪ್ಪ ವಾಸವಿದ್ದದ್ದು ಅವಳ ಮನೆಯಲ್ಲೇ. ಮನೆಯಲ್ಲಿ ಮಾಂಸವೇನಾದರೂ ಕಾಣೆಯಾಗಿತ್ತೇ ಎಂದು ಫಾಬ್ರೆಟ್ಟಿ ಕೇಳಿದ. ಭಾನುವಾರ ಹಂದಿಮಾಂಸದ ಸಾಸೇಜಿನ ಸರ ಒಂದು ಕಡಿಮೆ ಇತ್ತು, ಅಪ್ಪ ನಾಯಿಗೆ ಕೊಟ್ಟಿರಬೇಕೆಂದು ಸುಮ್ಮನಾದೆ ಎಂದಳು. ಅಪ್ಪನಿಗೆ ಮರೆವೇನಾದರೂ ಉಂಟೇ ಎಂದು ಕೇಳಿದಾಗ ಅವಳ ಕೈ ನಿಂತಿತು.

"ಮರೆವು ಅಂತಲ್ಲ ಸಾಹೇಬ್ರೆ. ನನ್ನ ಮದುವೇಲಿ ಯಾರ್ ಯಾರು ಎಲ್ಲೆಲ್ಲಿ ಕೂತಿದ್ರು ಅಂತ ಹೇಳ್ತಾರೆ. ಎಲ್ಲಾ ನೆನಪಿದೆ, ಆದ್ರೆ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತೆ. ಉಪ್ಪನ್ನ ಪಕ್ಕದ ಗೂಡಲ್ಲಿ ಹುಡುಕ್ತಾರೆ. ಮೊನ್ನೆ ಅಮ್ಮನ ಗೋರಿಗೆ ಹೂ ಇಡೋಕ್ ಹೋದ್ವಿ. ಪಕ್ಕದ ಗೋರಿ ಮುಂದೆ ಮಂಡಿಯೂರಿ ಅತ್ರು. ನಾನು ಸುಮ್ನೆ ನಿಂತಿದ್ದೆ. ಯಾರಿಗೋಸ್ಕರ ಅಂತ ದೇವರಿಗೆ ಗೊತ್ತಾಗುತ್ತಲ್ವಾ?"

ಫಾಬ್ರೆಟ್ಟಿಗೆ ಪಂಚನಾಮೆ ನೆನಪಾಯಿತು. ನಿನ್ನೆಯ ಬಿಳಿ ಬಂಡೆ, ಕೆಳಗಿನ ಹಳ್ಳ. ಮುದುಕ ಸುಳ್ಳು ಹೇಳಿರಲಿಲ್ಲ. ಬೆಳಿಗ್ಗೆ ನಾಯಿ ಸತ್ತ ಜಾಗ ಮಧ್ಯಾಹ್ನದೊಳಗೆ ಅವನ ತಲೆಯಲ್ಲಿ ಅಷ್ಟು ದೂರ ಸರಿದಿತ್ತು.

ಎಜಿಸ್ತೊ ಒಳಕೋಣೆಯಲ್ಲಿ ಒಲೆಯ ಮುಂದೆ ಕುಳಿತಿದ್ದ. ಇನ್ಸ್‌ಪೆಕ್ಟರ್ ಸ್ಟೂಲು ಎಳೆದುಕೊಂಡು ಎದುರಿಗೆ ಕೂತ.

"ಅಜ್ಜಾ, ಕಾಡಲ್ಲಿ ಬ್ರಿಚೊಲಾಗೆ ಹಗ್ಗ ಯಾಕೆ ಕಟ್ಟಿದ್ರಿ?"

ಎಜಿಸ್ತೊ ಒಲೆಗೆ ಒಂದು ಕೊರಡು ಹಾಕಿದ.

"ಹಗ್ಗ ಸಡಿಲ ಬಿಟ್ಟಿದ್ದು ಎಲ್ಲಿ?"

"ಕವಲು ಮರ ದಾಟಿದ್ಮೇಲೆ."

"ಕವಲು ಮರದ ಹತ್ರ ಏನಿತ್ತು?"

"ನಾನಿಟ್ಟ ಉಂಡೆ," ಎಂದ ಮುದುಕ. "ಕಳ್ಳನ ನಾಯಿಗೆ ಅಂತ. ಆದ್ರೆ ಬ್ರಿಚೊಲಾ ತಿಂದಿದ್ದು ಅದನ್ನಲ್ಲ. ಅಲ್ಲಿ ನಾನು ಬಿಗಿಯಾಗೇ ಹಿಡ್ಕೊಂಡಿದ್ದೆ. ಕೆಳಗೆ ಹಳ್ಳದ ಹತ್ರ ನಾನು ಇಟ್ಟೇ ಇಲ್ಲ. ರಿನಾಲ್ದೊ ಎತ್ತಿ ಅಲ್ಲಿ ಹಾಕಿದಾನೆ. ಅದನ್ನೂ ಬರ್ಕೋ."

ಅವನ ದನಿಯಲ್ಲಿ ಕಪಟವಿರಲಿಲ್ಲ. ಹೇಳಿದ್ದನ್ನು ಅವನು ನಂಬಿದ್ದ. ಇನ್ನೆಲ್ಲೆಲ್ಲಿ ಇಟ್ಟಿರಿ ಎಂದು ಕೇಳಿದರೆ ಒಂದು ಕ್ಷಣವೂ ತಡೆಯದೆ ಇನ್ನೂ ನಾಲ್ಕು ಮರಗಳನ್ನು ಹೇಳಿದ. ಅರವತ್ತು ವರ್ಷ ಯಾರಿಗೂ ಹೇಳದ ಮರಗಳು ಅವು.

ಮಧ್ಯಾಹ್ನ ಒಂದು ಗಂಟೆಗೆ ಜಿಲ್ಲಾ ಕೇಂದ್ರದಿಂದ ವಿಷ ಪತ್ತೆ ಹಚ್ಚುವ ನಾಯಿ ಬಂತು, ಜೊತೆಗೆ ಅದನ್ನು ನಡೆಸುವವನು. ಜಾಗ ತೋರಿಸಲು ಎಜಿಸ್ತೊನನ್ನೂ ಇಬ್ಬರು ಕಾನ್‌ಸ್ಟೇಬಲ್‌ಗಳು ಕೈಹಿಡಿದು ಕರೆದೊಯ್ದರು. ಕಾಡಿನ ಅಂಚಿನಲ್ಲಿ ರಿನಾಲ್ದೊ ನಿಂತಿದ್ದ. ಈ ಕಾಡು ತನಗೆ ಗೊತ್ತು, ಹುಡುಕಲು ಬರುತ್ತೇನೆ ಎಂದ. ದೂರಿನಲ್ಲಿ ಹೆಸರಿರುವವನನ್ನು ಕರೆದೊಯ್ಯುವ ಹಾಗಿಲ್ಲ ಎಂದು ಲೋರೆನಾ ತಡೆದಳು. ಫಾಬ್ರೆಟ್ಟಿ ಅಡ್ಡ ಪಟ್ಟಿಯನ್ನು ಎತ್ತಿ ಹಿಡಿದು ಅವನನ್ನು ಒಳಗೆ ಬಿಟ್ಟ.

ಮೊದಲ ಮರದಡಿಯಲ್ಲಿ ಏನೂ ಸಿಗಲಿಲ್ಲ.

"ಸುಳ್ಳೇ ಹೇಳಿದ್ರು ಸರ್," ಎಂದಳು ಲೋರೆನಾ.

"ಇಲ್ಲ. ಇಲ್ಲೇ ಎಲ್ಲೋ ಇದೆ. ಈ ಮರಾನ ನಡುವೆ ಇಟ್ಕೊಂಡು ಸುತ್ತ ಹುಡುಕಿ. ಸುತ್ತು ಸುತ್ತಿಗೂ ದೊಡ್ಡದು ಮಾಡ್ತಾ ಹೋಗಿ."

ನಾಯಿ ಮೂರನೆಯ ಸುತ್ತಿನಲ್ಲಿ ಕುಳಿತುಬಿಟ್ಟಿತು. ಎಲೆಯಡಿಯಲ್ಲಿ ಉಂಡೆ ಇತ್ತು. ಎರಡನೆಯದು, ಕುರಿಗಾಹಿಯ ನಾಯಿ ಕಚ್ಚಿ ಉಗುಳಿದ್ದು, ಹೇಳಿದ ಮರಕ್ಕಿಂತ ಮೇಲೆ, ಮೂರನೆಯದು ಕಾಲುದಾರಿಯ ಆಚೆ. ಕವಲು ಮರದಡಿಯಲ್ಲಿ ಏನೂ ಇರಲೇ ಇಲ್ಲ. ಅಲ್ಲಿಟ್ಟೆ ಎಂದು ಅವನು ನಂಬಿದ್ದ ಉಂಡೆ ಹಳ್ಳದ ಪಕ್ಕ ಇತ್ತು, ಹಗ್ಗ ಸಡಿಲ ಬಿಟ್ಟ ಕಡೆ. ಅದನ್ನೇ ಬ್ರಿಚೊಲಾ ತಿಂದದ್ದು. ಫಾಬ್ರೆಟ್ಟಿ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮುದುಕ ಪ್ರತಿ ಉಂಡೆ ಸಿಕ್ಕಾಗಲೂ ಅದನ್ನು ನೋಡಿ, ತಾನು ಹೇಳಿದ ಮರವನ್ನು ನೋಡಿ, ಬರಬರುತ್ತ ಮಾತು ನಿಲ್ಲಿಸಿದ್ದ. ಇದನ್ನೂ ಅವನೇ ಸರಿಸಿದ್ದು ಎಂದು ಮೊದಲಿನ ಸಲ ರಿನಾಲ್ದೊ ಕಡೆ ಬೆರಳು ಮಾಡಿದವನು ಆಮೇಲೆ ಬೆರಳೆತ್ತಲಿಲ್ಲ.

ಕೊನೆಯದು ಸಿಗಲೊಲ್ಲದು. ಬೆಳಕು ಇಳಿಯುತ್ತಿತ್ತು. ಕಣಿವೆಯ ಆಚೆ ಯಾರದೋ ನಾಯಿ ಬೊಗಳಿದರೆ ಫಾಬ್ರೆಟ್ಟಿ ತಲೆಯೆತ್ತಿ ಕಿವಿಗೊಡುತ್ತಿದ್ದ. ಒಂದೇ ಒಂದು ಉಳಿದರೂ ನಾಳೆ ಬೆಳಿಗ್ಗೆ ಇನ್ನೊಬ್ಬರು ಕೋಟಿನಲ್ಲಿ ಏನನ್ನೋ ಸುತ್ತಿಕೊಂಡು ಠಾಣೆಗೆ ಬರುತ್ತಾರೆ. ಹುಡುಕುವ ನಾಯಿಯೂ ದಣಿದಿತ್ತು. ಒಂದು ಮರ ಬಿಟ್ಟು ಆಚೆ, ಮುಳ್ಳುಪೊದೆ ದಾಟಿ ನೋಡೋಣ ಎಂದು ರಿನಾಲ್ದೊ ಹೇಳಿದ. ನೋಡಿದರು. ಪೊದೆಯ ಹಿಂದಿನ ಓಕ್ ಮರದ ಬುಡದಲ್ಲಿ ನಾಯಿ ಕುಳಿತಿತು.

ಲೋರೆನಾ ಕೈಗವಸು ಹಾಕಿಕೊಂಡು ಎಲೆ ಸರಿಸಿ ಉಂಡೆಯನ್ನು ತೆಗೆದಳು. ಕೆಳಗಿನ ಮಣ್ಣು ಬಿರುಕು ಬಿಟ್ಟು ಉಬ್ಬಿತ್ತು. ಏನೋ ವಾಸನೆ ಎಂದು ಅವಳು ಮುಖ ತಿರುಗಿಸಿದಳು. ಎಜಿಸ್ತೊ ಕಾನ್‌ಸ್ಟೇಬಲ್‌ಗಳ ಕೈಯಿಂದ ಬಿಡಿಸಿಕೊಂಡು ನೆಲಕ್ಕೆ ಕುಸಿದು ಕುಳಿತ. ಬರಿಗೈಯಲ್ಲಿ ಮಣ್ಣು ತೋಡಿದ. ಮುಷ್ಟಿಗಾತ್ರದ ಬಿಳಿ ಅಣಬೆ ಹೊರಗೆ ಬಂತು. ಅದರ ಪಕ್ಕದಲ್ಲಿ ಇನ್ನೊಂದು, ತೆಗೆಯುವವರಿಲ್ಲದೆ ಕೊಳೆತು ಮಣ್ಣಾಗುತ್ತಿದ್ದದ್ದು. ಆ ನೆಲವನ್ನು ವರ್ಷಗಳಿಂದ ಯಾರೂ ಅಗೆದಿರಲಿಲ್ಲ. ಪೊದೆಯ ಈಚಿನ ಮರದ ಬುಡದಲ್ಲಿ ಮಾತ್ರ ಗುಂಡಿ ತೋಡಿ ಮುಚ್ಚಿದ ಗುರುತುಗಳು ತುಂಬಿದ್ದವು.

"ಇದು ನನ್ನಪ್ಪನ ಮರ," ಎಂದ ಮುದುಕ.

ಅಣಬೆಗೆ ಅಂಟಿದ ಮಣ್ಣನ್ನು ಹೆಬ್ಬೆರಳಿನಿಂದ ಒರೆಸಿದ.

"ಬ್ರಿಚೊಲಾ ಈ ಕಡೇನೇ ಓಡ್ತಿದ್ಲು. ಮೂರು ವರ್ಷಾನೂ ಓಡ್ತಿದ್ಲು. ನಾನೇ ಬೈದು ಆ ಕಡೆ ಕರ್ಕೊಂಡ್ ಹೋಗ್ತಿದ್ದೆ."

ಸಂಜೆ ಐದು ಗಂಟೆಗೆ ಅಲ್ಲಿಯೇ ಎಜಿಸ್ತೊ ಮಾರಿಂಕೊಲಾನನ್ನು ಬಂಧಿಸಲಾಯಿತು. ವಯಸ್ಸಿನ ಕಾರಣ ಮಗಳ ಮನೆಯಲ್ಲಿಯೇ ಕಾವಲಿನಲ್ಲಿಡಲು ಮ್ಯಾಜಿಸ್ಟ್ರೇಟರು ಫೋನಿನಲ್ಲಿ ಒಪ್ಪಿದರು. ಪಂಚನಾಮೆಯ ಕೊನೆಯ ಸಾಲಿಗೆ ಬಂದ ಲೋರೆನಾ, ಉದ್ದೇಶ ಏನೆಂದು ಬರೆಯಲಿ, ಕಳ್ಳತನದ ಸುಳ್ಳು ಶಂಕೆ ಅನ್ನಲೇ ಎಂದು ಮೆಲ್ಲಗೆ ಕೇಳಿದಳು.

"ತನ್ನದು ಕಳುವಾಗ್ತಿದೆ ಅಂತ ನಂಬಿದ್ರು ಅಂತ ಬರಿ," ಎಂದ ಫಾಬ್ರೆಟ್ಟಿ. "ಸುಳ್ಳು ಅನ್ನೋದು ಬೇಡ."

ಎಜಿಸ್ತೊ ಸಹಿ ಹಾಕಿ ಪೆನ್ನು ಮರಳಿಸಿದ. ಜೀಪಿನ ಕಡೆ ಎರಡು ಹೆಜ್ಜೆ ಇಟ್ಟವನು ತಿರುಗಿ ನಿಂತ. ರಿನಾಲ್ದೊ ಆ ಮರದ ಕೆಳಗೆ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಮುಖದಲ್ಲಿ ಕ್ಷಮೆಯೂ ಇರಲಿಲ್ಲ, ಗೆದ್ದ ಸಂತೋಷವೂ ಇರಲಿಲ್ಲ.

"ಗುಂಡಿ ತೆರೆದೇ ಇದೆ," ಎಂದ ಮುದುಕ. "ಹಾಗೇ ಬಿಟ್ರೆ ಬೇರು ಒಣಗುತ್ತೆ. ಬರೋ ವರ್ಷ ನಿಂಗೇನೂ ಸಿಗಲ್ಲ."

ರಿನಾಲ್ದೊ ಕದಲಲಿಲ್ಲ. ಫಾಬ್ರೆಟ್ಟಿ ಮುದುಕನ ತೋಳು ಹಿಡಿಯಲು ಕೈ ಚಾಚಿದ್ದವನು ಹಾಗೆಯೇ ತಡೆದು ನಿಂತ. ಬಹಳ ಹೊತ್ತಾದ ಮೇಲೆ ರಿನಾಲ್ದೊ ಮಂಡಿಯೂರಿದ. ಎರಡೂ ಕೈಯಿಂದ ಮಣ್ಣನ್ನು ಗುಂಡಿಗೆ ತಳ್ಳಿ, ಅಂಗೈಯಿಂದ ತಟ್ಟಿ, ಮೇಲೆ ಎಲೆ ಹರಡಿದ. ಮುದುಕ ಕೊನೆಯ ಎಲೆಯವರೆಗೂ ನೋಡಿ, ತಾನಾಗಿಯೇ ಜೀಪು ಹತ್ತಿದ.