ಪಾಸ್‌ಪೋರ್ಟ್ ಮುಖದವನು

ಎದುರಿಗಿದ್ದವರು ನಕ್ಕರೆ ತಾನಾಗಿಯೇ ಫೋಟೋ ಹೊಡೆಯುವ ಕ್ಯಾಮೆರಾ ತನ್ನ ಮುಖದ ಮುಂದೆ ಹನ್ನೊಂದು ನಿಮಿಷ ತೆಪ್ಪಗೆ ಕೂತಿದ್ದನ್ನು ಅವನು ಮರೆತಿರಲಿಲ್ಲ. ನಾದಿನಿಯ ಹೊಸ ಮನೆಯಲ್ಲಿ ಎಲ್ಲರೂ ಸೇರಿದ್ದ ದಿನ ಅದು. ನಾದಿನಿಯ ಗಂಡ, ಅಂದರೆ ಅವನ ಷಡ್ಡಕ, ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು, ಮೋಡ್ ಚಕ್ರವನ್ನು ನಗುಮುಖದ ಗುರುತಿಗೆ ತಿರುಗಿಸಿ, ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿದ. ಅತ್ತೆ ನಕ್ಕರು, ಕ್ಲಿಕ್. ಮಾವ ಹಲ್ಲಿನ ಸೆಟ್ ಸರಿಮಾಡಿಕೊಂಡು ನಕ್ಕರು, ಕ್ಲಿಕ್. ಇವನು ತುಟಿ ಎಳೆದ, ಹಲ್ಲು ತೋರಿಸಿದ, ಕಡೆಗೆ ಬೆವರಿದ. ಕ್ಯಾಮೆರಾ ಒಪ್ಪಲಿಲ್ಲ.

"ಬ್ಯಾಟರಿ ಫುಲ್ ಇದೆ, ಮುಖಾನೇ ಡೌನು," ಎಂದ ಷಡ್ಡಕ. "ಕ್ಯಾಮೆರಾಗೆ ಇಪ್ಪತ್ತೆರಡು ಮೋಡು. ನಮ್ ಪಾಸ್‌ಪೋರ್ಟ್ ಮುಖಕ್ಕೆ ಒಂದೇ. ಬರೀ ಮೋಡ."

ಅಂದಿನಿಂದ ಮನೆಯ ಮಕ್ಕಳಿಗೂ ಅವನು ಪಾಸ್‌ಪೋರ್ಟ್ ದೊಡ್ಡಪ್ಪ.

ಅಷ್ಟಕ್ಕೇ ನಿಂತಿದ್ದರೆ ಹಲ್ಲು ಕಚ್ಚಿಕೊಂಡು ಬದುಕಬಹುದಿತ್ತು. ಕ್ಯಾಮೆರಾ ಅಂಗಡಿಯ ಕೌಂಟರಿನಲ್ಲಿ ಹದಿನಾಲ್ಕು ವರ್ಷ ನಿಂತವನು ಪಾಸ್‌ಪೋರ್ಟ್. "ನಲವತ್ತು ಪಟ್ಟು ಜೂಮ್ ಸಾರ್, ಜೇಬಲ್ಲಿ ಹಿಡಿಸುತ್ತೆ ಸಾರ್" ಎಂಬ ಅವನ ಮೂಗುದನಿಯನ್ನು ಷಡ್ಡಕ ಊಟದ ಮೇಜಿನಲ್ಲಿ ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದನೆಂದರೆ, ಈಗ ಗಿರಾಕಿಯ ಮುಂದೆ ಅದನ್ನು ಹೇಳುವಾಗ ತಾನೇ ಅವನ ನಕಲು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಆಮೇಲೆ ಮಿಂಚುಳ್ಳಿಯ ವಿಷಯ. ಮೂರು ಮುಂಜಾನೆ ಜೊಂಡಿನಲ್ಲಿ ಕೂತು, ಸೆಕೆಂಡಿಗೆ ಹತ್ತರಂತೆ ಹೊಡೆದು, ಹಕ್ಕಿಯ ಕೊಕ್ಕು ನೀರಿಗೆ ತಾಗಿದ ಆ ಒಂದು ಕ್ಷಣ ಹಿಡಿದವನು ಪಾಸ್‌ಪೋರ್ಟ್. ನೋಡಿ ಕೊಡ್ತೀನಿ ಎಂದು ಮೆಮೊರಿ ಕಾರ್ಡ್ ಒಯ್ದ ಷಡ್ಡಕ ಅದನ್ನು ಖಾಲಿ ಮಾಡಿ ಮರಳಿಸಿದ. ಫೋಟೋಗ್ರಫಿ ಕ್ಲಬ್ಬಿನ ಮೊದಲ ಬಹುಮಾನ ಷಡ್ಡಕನ ಹೆಸರಿಗೆ ಬಂತು. ಅಂಗಡಿಯ ಮಾಲೀಕರು ಆ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಕೌಂಟರಿನ ಹಿಂದೆಯೇ ತೂಗುಹಾಕಿಸಿದರು. ದಿನವಿಡೀ ಅದು ಪಾಸ್‌ಪೋರ್ಟಿನ ಬೆನ್ನು ಕುಕ್ಕುತ್ತಿತ್ತು.

ಸಾಯಿಸುವುದೆಂದು ತೀರ್ಮಾನಿಸಿದ ಮೇಲೆ ಮನಸ್ಸು ಟ್ರೈಪಾಡಿನ ಮೇಲೆ ಕೂತಂತೆ ಸ್ಥಿರವಾಯಿತು.

ಷಡ್ಡಕ ಆಗ 'ನೂರು ಸಂಜೆ' ಎಂಬ ಸರಣಿ ಹಿಡಿದಿದ್ದ. ಪ್ರತಿದಿನ ಐದು ಐವತ್ತಕ್ಕೆ ತನ್ನ ಅಪಾರ್ಟ್‌ಮೆಂಟಿನ ತಾರಸಿಗೆ ಹೋಗಿ, ಕ್ಯಾಮೆರಾವನ್ನು ಟ್ರೈಪಾಡಿಗೆ ಸಿಕ್ಕಿಸಿ, ಇಳಿಬಿಸಿಲು ಮುಖಕ್ಕೆ ಬೀಳುವಂತೆ ಮೋಟುಗೋಡೆಯ ಮೇಲೆ ಕೂತು ನಗುವುದು. ನಕ್ಕಷ್ಟು ಸಲ ಫೋಟೋ. ಹಕ್ಕಿಗಳು ಬೆದರದಿರಲೆಂದು ಆ ಕ್ಯಾಮೆರಾದ ಕ್ಲಿಕ್ ಸದ್ದನ್ನು, ಆಮೇಲೊಮ್ಮೆ ಅಂಗಡಿಗೆ ತಂದಾಗ, ಪಾಸ್‌ಪೋರ್ಟೇ ಅಡಗಿಸಿಕೊಟ್ಟಿದ್ದ. ಕೂತವನ ಬೆನ್ನ ಹಿಂದೆ ಐದು ಮಹಡಿಯ ಗಾಳಿ.

ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಗೋಡೆಯ ಮೇಲೆ ಕೂತು ಹಲ್ಲುಕಿರಿಯುವ ಮನುಷ್ಯನ ಫೋಟೋಗಳು, ಆಮೇಲೆ ಏನೂ ಇಲ್ಲ. ಪೊಲೀಸರು ಆಯತಪ್ಪಿ ಬಿದ್ದ ಎಂದು ತಾವೇ ಬರೆದುಕೊಳ್ಳುತ್ತಾರೆ. ತೊಡಕು ಒಂದೇ. ತಳ್ಳುವಾಗ ಷಡ್ಡಕ ನಗುತ್ತಿದ್ದರೆ ತಳ್ಳುವ ಕೈಯೂ ಚಿತ್ರದಲ್ಲಿ ಬೀಳುತ್ತದೆ. ಹಾಗಾಗಿ ಮೊದಲು ನಗುವನ್ನು ಕೊಲ್ಲಬೇಕು, ಆಮೇಲೆ ಮನುಷ್ಯನನ್ನು. ನಗುವಿಲ್ಲದ ಮುಖಕ್ಕೆ ಆ ಕ್ಯಾಮೆರಾ ಕುರುಡು. ಇದನ್ನು ಅವನಷ್ಟು ಅನುಭವಿಸಿ ತಿಳಿದವರು ಬೇರಾರಿದ್ದರು?

ತಾನು ಬೇರೆಡೆ ಇದ್ದೆನೆಂಬ ಪುರಾವೆಯೂ ತಯಾರಾಯಿತು. ಅಂಗಡಿಯ ಡೆಮೊ ಕ್ಯಾಮೆರಾದ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿ, ಐದಕ್ಕೆ ಮುಂಚೆಯೇ ದೂರದ ಕೆರೆಯ ದಂಡೆಯಲ್ಲಿ ಸೂರ್ಯಾಸ್ತದ ಮೋಡ್‌ಗೆ ತಿರುಗಿಸಿದ. ಬಿಳಿ ಆಕಾಶ ಕೆಂಪಗೆ ಬಂತು. ಮರದ ನೆರಳು ಹೊತ್ತನ್ನು ಬಾಯಿಬಿಡದಂತೆ ಜೂಮ್ ಎಳೆದು ಬರೀ ಕೊಕ್ಕರೆಗಳನ್ನು ಹಿಡಿದ. ಸೆಲ್ಫ್ ಟೈಮರಿನಲ್ಲಿ ತನ್ನದೂ ಒಂದು, ನಗುವಿಲ್ಲದ್ದು. ಗಡಿಯಾರ ಸರಿಮಾಡಿ ಷಡ್ಡಕನ ಅಪಾರ್ಟ್‌ಮೆಂಟಿಗೆ ಬಂದ. ಹಿಂಬದಿಯ ಮೆಟ್ಟಿಲಲ್ಲಿ ಯಾರೂ ಎದುರಾಗಲಿಲ್ಲ.

ಕ್ಯಾಮೆರಾ ಎಲ್ಲಿಯವರೆಗೆ ಕಾಣುತ್ತದೆಂದು ಅವನಿಗೆ ಗೇಣುಗೇಣಿನ ಲೆಕ್ಕವಿತ್ತು. ಅದರಿಂದ ಎರಡು ಹೆಜ್ಜೆ ಹೊರಗೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ ನಿಂತ.

"ಏನ್ ಪಾಸ್‌ಪೋರ್ಟು, ವೀಸಾ ಇಲ್ದೇನೇ ಬಂದ್ಬಿಟ್ರಾ?" ಷಡ್ಡಕ ಗೋಡೆಯ ಮೇಲಿಂದಲೇ ಮೂಗುದನಿ ತೆಗೆದ. "ಬನ್ನಿ ಸಾರ್, ಜೇಬಲ್ಲಿ ಹಿಡಿಸುತ್ತೆ ಸಾರ್."

"ಮಿಂಚುಳ್ಳಿದು ಇನ್ನೊಂದು ಕಾಪಿ ನನ್ನ ಹತ್ರ ಇದೆ," ಎಂದ ಪಾಸ್‌ಪೋರ್ಟ್. "ಫೋಟೋದೊಳಗೇ ದಾಖಲಾಗಿರೋ ನನ್ನ ಕ್ಯಾಮೆರಾ ನಂಬರ್ ಸಮೇತ. ನಾಳೆ ಕ್ಲಬ್ಬಿಗೆ ಕಳಿಸ್ತೀನಿ."

ಶುದ್ಧ ಸುಳ್ಳು. ಆದರೆ ಷಡ್ಡಕನ ಮುಖದಿಂದ ನಗು ಲೆನ್ಸ್ ಮುಚ್ಚಳ ಹಾಕಿದಂತೆ ಮಾಯವಾಯಿತು. "ತಮಾಷೆ ಮಾಡ್ಬೇಡ ಮಾರಾಯ," ಎಂದ, ತನ್ನ ಸ್ವಂತ ದನಿಯಲ್ಲಿ. ಪಾಸ್‌ಪೋರ್ಟ್ ಎರಡೇ ಹೆಜ್ಜೆಗೆ ಹತ್ತಿರ ಬಂದು ಎರಡೂ ಕೈಗಳಿಂದ ತಳ್ಳಿದ.

ಬಗ್ಗಿ ನೋಡಿದ. ಮುಗಿದಿತ್ತು. ಊಟದ ಮೇಜುಗಳ ಆ ಕೇಕೆಯೆಲ್ಲ ಒಮ್ಮೆಲೇ ನಿಂತಂತೆ, ಹದಿನಾಲ್ಕು ವರ್ಷ ಬಿಗಿದಿದ್ದ ಏನೋ ಸಡಿಲಾದಂತೆ ಅನ್ನಿಸಿತು. ತಿರುಗಿ, ಬಿಸಿಲಿಗೆ ಮುಖವೊಡ್ಡಿ ಒಂದು ಗಳಿಗೆ ನಿಂತು ಉಸಿರು ಬಿಟ್ಟ. ಕ್ಯಾಮೆರಾವನ್ನು ಮುಟ್ಟಲಿಲ್ಲ, ಬೆರಳಚ್ಚು ಬೀಳುವಂಥ ಹುಂಬತನ ಅವನದಲ್ಲ. ಬಂದ ಮೆಟ್ಟಿಲಲ್ಲೇ ಇಳಿದುಹೋದ.

ನಾಲ್ಕನೆಯ ದಿನ ಇನ್‌ಸ್ಪೆಕ್ಟರ್ ಆ ಕ್ಯಾಮೆರಾವನ್ನು ಹಿಡಿದು ಅಂಗಡಿಗೇ ಬಂದ. ಮಾಡೆಲ್ ಬಲ್ಲವರು ವಿವರಿಸಿದರೆ ಉಪಕಾರ ಎಂದ. ಪಾಸ್‌ಪೋರ್ಟ್ ಹುರುಪಿನಿಂದಲೇ ವಿವರಿಸಿದ: ಇದು ನಗುಮುಖದ ಮೋಡ್ ಸಾರ್, ಗುಂಡಿ ಒತ್ತಬೇಕಾಗಿಲ್ಲ, ಸದ್ದೂ ಬರೋಲ್ಲ. ಒಂದೊಂದಾಗಿ ಚಿತ್ರ ಸರಿಸಿದ. ಆ ಸಂಜೆಯ ಏಳೂ ಷಡ್ಡಕನವು, ಏಳರಲ್ಲೂ ಹಲ್ಲು. ಇಷ್ಟೇ ಸಾರ್ ಎಂದು ಕೈತೆಗೆದ. "ಇನ್ನೊಂದಿದೆ, ಒತ್ತಿ," ಎಂದ ಇನ್‌ಸ್ಪೆಕ್ಟರ್. ಒತ್ತಿದ. ಎಂಟನೆಯದರಲ್ಲಿ ಮೋಟುಗೋಡೆ ಖಾಲಿಯಿತ್ತು. ಅದರ ಮುಂದೆ ಇಳಿಬಿಸಿಲಲ್ಲಿ ಒಬ್ಬ ಮನುಷ್ಯ, ಕಣ್ಣು ಕಿರಿದಾಗಿ, ಕೆನ್ನೆಯಲ್ಲಿ ಗುಳಿ ಬಿದ್ದು, ಮನಸಾರೆ ನಗುತ್ತಿದ್ದ. "ನಿಮ್ ಮನೆಯವ್ರಿಗೂ ತೋರಿಸಿದ್ವಿ," ಎಂದ ಇನ್‌ಸ್ಪೆಕ್ಟರ್. "ಮೊದ್ಲು ಇದ್ಯಾರು ಅಂದ್ರು. ನೀವು ನಕ್ಕಿದ್ದನ್ನ ಅವ್ರು ಒಂದ್ಸಲಾನೂ ನೋಡಿರ್ಲಿಲ್ವಂತೆ."