ಮಂಡಿ ಪುಡಿಯ ಪೊಟ್ಟಣ

ಸೆಪ್ಟೆಂಬರ್ ಮೂರು, ಬುಧವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಬೆಟ್ಟದಪುರ ಠಾಣೆಯ ಬಾಗಿಲಲ್ಲಿ ನಿಂತ ಹೆಂಗಸು ಒಳಗೆ ಕಾಲಿಡುವ ಮೊದಲೇ ಹೇಳಿದಳು: "ನಮ್ಮವ್ವಂಗೆ ನಮ್ಮತ್ತಿಗೆ ವಿಷ ಹಾಕ್‌ಬುಟ್ಟವ್ಳೆ. ಬರ್ಕಳ್ಳಿ ಸಾ."

ಹೆಡ್ ಕಾನ್‌ಸ್ಟೆಬಲ್ ಶಿವನಂಜಪ್ಪ ಅವಳಿಗೆ ಕುರ್ಚಿ ತೋರಿಸಿ, ನೀರು ಕೊಡಿಸಿ, ಉಸಿರು ಹತೋಟಿಗೆ ಬರುವವರೆಗೆ ಕಾದ. ಅವನ ನಿವೃತ್ತಿಗೆ ಇನ್ನು ಮೂರು ವರ್ಷ. ಸಾವಿನ ಮನೆಯಿಂದ ನೇರ ಬಂದವರ ಮೊದಲ ಮಾತನ್ನು ಕೇಳಿಸಿಕೊಳ್ಳಬೇಕು, ಎರಡನೆಯ ಮಾತನ್ನು ಬರೆದುಕೊಳ್ಳಬೇಕು ಎಂಬುದು ಇಷ್ಟು ದಿನದ ನೌಕರಿಯಲ್ಲಿ ಅವನಿಗೆ ತಿಳಿದಿತ್ತು.

ಅವಳು ಸೌಂದರ್ಯ, ಕೆ.ಆರ್. ನಗರಕ್ಕೆ ಮದುವೆಯಾಗಿ ಹೋದವಳು. ತಾಯಿ ಕುಳ್ಳಮ್ಮನಿಗೆ ಐವತ್ತೆಂಟು ವರ್ಷ. ಠಾಣೆಗೆ ಆರು ಕಿಲೋಮೀಟರ್ ದೂರದ ಚಿಕ್ಕಹೊಸಕೊಪ್ಪಲಿನಲ್ಲಿ ಮಗ ರಘು ಮತ್ತು ಸೊಸೆ ಮಹದೇವಿಯ ಜೊತೆ ಇದ್ದಳು. ಮಂಗಳವಾರ ಮಧ್ಯಾಹ್ನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮುಂದೆ ಹಸಿ ಎಲೆಯನ್ನು ಕಡ್ಡಿಗೆ ಕಟ್ಟುತ್ತಿದ್ದವಳು ಕಪ್ಪಗೆ ವಾಂತಿ ಮಾಡಿಕೊಂಡು ಬಿದ್ದಳು. ಹುಣಸೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

"ಕಪ್ಪಗೆ ಅಂದ್ರೆ ಹೇಗೆ?" ಒಳಕೋಣೆಯಿಂದ ಬಂದ ಪಿಎಸ್‌ಐ ಚೈತ್ರ ಕೇಳಿದಳು.

"ಕಾಪಿ ಗಸಿ ಇದ್ದಂಗೆ ಮೇಡಂ. ಮನೆ ಅನ್ನ ತಿಂದೋರು ಅಂಗೆ ಕಕ್ತಾರ?"

"ಅತ್ತೆ ಸೊಸೆಗೆ ಜಗಳ ಇತ್ತಾ?"

"ಒಂದು ತಿಂಗ್ಳಿಂದ ಮಾತೇ ಇರ್ಲಿಲ್ಲ."

"ವಿಷ ಹಾಕಿದ್ದು ನೋಡಿದೋರು?"

"ಯಾರೂ ನೋಡಿಲ್ಲ. ಆದ್ರೂ ಬರ್ಕಳ್ಳಿ ಮೇಡಂ."

ಕಾರಣ ತಿಳಿಯದ ಸಾವಾದ್ದರಿಂದ ಅಸಹಜ ಸಾವಿನ ಪ್ರಕರಣ ದಾಖಲಾಯಿತು. ಹನ್ನೊಂದೂವರೆಗೆ ಶವಾಗಾರದಲ್ಲಿ ಪಂಚರ ಮುಂದೆ ಶವ ಪಂಚನಾಮೆ, ಎರಡು ಗಂಟೆಗೆ ಮರಣೋತ್ತರ ಪರೀಕ್ಷೆ. ಸಂಜೆ ಚಿಕ್ಕಹೊಸಕೊಪ್ಪಲಿನ ಮನೆಯಲ್ಲಿ ಮಹಜರು. ಅಡುಗೆಮನೆಯ ಸಾರು, ಹಿಟ್ಟು, ಹಾಲು ಎಲ್ಲವೂ ಮೊಹರು ಮಾಡಿದ ಡಬ್ಬಿಗಳಿಗೆ ಹೋದವು.

ಮಹದೇವಿ ಗೋಡೆಗೊರಗಿ ಕುಳಿತಿದ್ದಳು. ಹೊಗೆಸೊಪ್ಪಿನ ಅಂಟು ಅವಳ ಬೆರಳುಗಳಿಂದ ಇನ್ನೂ ಬಿಟ್ಟಿರಲಿಲ್ಲ. ಆಚೆ ಅಂಗಳದಲ್ಲಿ ನೆಂಟರು ಅವಳ ಹೆಸರೆತ್ತಿಯೇ ಮಾತಾಡುತ್ತಿದ್ದರು.

"ಮಾತು ಯಾಕೆ ಬಿಟ್ಟಿದ್ರಿ?" ಚೈತ್ರ ಕೇಳಿದಳು.

"ಮಂಡಿ ನೋವಿಟ್ಕಂಡು ಸೊಪ್ಪು ಕಟ್ಟಾಕೆ ಓಗ್‌ಬ್ಯಾಡ ಅತ್ತೆ ಅಂದೆ. ನನ್ನ ಕೂತ್ಕಂಡು ತಿನ್ನೋಳು ಮಾಡ್ತೀಯಾ ಅಂತ ಸಿಟ್ಟಾದ್ರು. ಅಷ್ಟೇ ಮೇಡಂ."

"ನೋವಿಗೆ ಏನು ತಗೊಳ್ತಿದ್ರು?"

ಮಹದೇವಿ ಎದ್ದು ದೇವರ ಗೂಡಿನ ಪಕ್ಕದಿಂದ ಬಿಸ್ಕತ್ತಿನ ಡಬ್ಬಿ ತಂದಳು. ಒಳಗೆ ಮೈಸೂರಿನ ವೈದ್ಯರ ಚೀಟಿ ಮಡಿಚಿಟ್ಟಿತ್ತು. ಎರಡು ವರ್ಷದ ಹಿಂದೆ ಕುಳ್ಳಮ್ಮನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಂತೆ ದಿನಾ ನುಂಗಬೇಕಾದ ಮಾತ್ರೆಯ ಕೆಳಗೆ ವೈದ್ಯರು ಕನ್ನಡದಲ್ಲೇ ಬರೆದಿದ್ದರು: ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಬೇರೆ ಯಾವ ನೋವಿನ ಮಾತ್ರೆಯೂ ಬೇಡ.

"ಅದನ್ನ ಮೀರಿದೋರಲ್ಲ ನಮ್ಮತ್ತೆ. ಇದು ಬುಟ್ರೆ ಬೆಟ್ಟದಪುರದ ನೀಲಕಂಠಸ್ವಾಮೇರ ಮಂಡಿ ಪುಡಿ. ಕುಡುದ್ರೆ ಅರ್ಧ ಗಂಟೇಲಿ ನೋವು ಇಳೀತಿತ್ತು. ಅದು ಸೊಪ್ಪು ಬೇರು ತಾನೇ?"

"ಪುಡಿ ಎಲ್ಲಿದೆ?"

"ಮುಗ್ದಿತ್ತು. ಕಾಗ್ದನ ಒಲೆಗೆ ಹಾಕ್ದೆ."

ಬರೆದುಕೊಳ್ಳುತ್ತಿದ್ದ ಶಿವನಂಜಪ್ಪನ ಪೆನ್ನು ಒಂದು ಕ್ಷಣ ನಿಂತು ಮತ್ತೆ ಓಡಿತು. ಅದೇ ಪುಡಿಯ ಆರು ಪೊಟ್ಟಣ ಅವನ ಮನೆಯ ಬೀರುವಿನಲ್ಲೂ ಇದ್ದವು.

ಮಾರನೆಯ ದಿನ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಚೈತ್ರಳನ್ನು ಕರೆಸಿದರು. ಹೊಟ್ಟೆಯಲ್ಲಿ ಮೂರು ಹುಣ್ಣು. ಒಂದು ಆಳವಾಗಿ ಕೊರೆದು ರಕ್ತನಾಳವೇ ಒಡೆದಿತ್ತು. ವಿಷದ ಲಕ್ಷಣ ಕಾಣಲಿಲ್ಲ; ಆದರೂ ಒಳಾಂಗಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು.

"ಕಪ್ಪಗೆ ಕಂಡದ್ದು ಹೊಟ್ಟೆಯೊಳಗೆ ನಿಂತ ರಕ್ತ," ಎಂದರು ವೈದ್ಯರು. "ನೋವಿನ ಮಾತ್ರೆ ಹೆಚ್ಚು ದಿನ ತಗೊಂಡವರಲ್ಲಿ ಹೀಗಾಗುತ್ತೆ. ರಕ್ತ ತೆಳು ಮಾಡೋ ಮಾತ್ರೆಯೂ ಜೊತೆಗಿದ್ರೆ ಒಮ್ಮೆ ಶುರುವಾದ ರಕ್ತ ನಿಲ್ಲೋದು ಕಷ್ಟ."

"ಅವರು ಪ್ಯಾರಾಸಿಟಮಾಲ್ ಬಿಟ್ಟು ಬೇರೇನೂ ಮುಟ್ಟಿಲ್ಲ ಅಂತಾರೆ."

"ಅದರಿಂದ ಇಂಥ ಹುಣ್ಣು ಆಗಲ್ಲ. ಅಳತೆ ಮೀರಿದ್ರೆ ಅದು ಕೆಡಿಸೋದು ಲಿವರನ್ನ. ಇದು ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ್ದರ ಕೆಲಸ. ಅಂಗಡಿಯಲ್ಲಿ ಹತ್ತು ಹೆಸರಲ್ಲಿ ಸಿಗುತ್ತೆ. ಹೆಸರು ಬೇರೆ ಅಂತ ಎರಡೆರಡು ನುಂಗೋರೂ ಇದ್ದಾರೆ."

ಅನುಮಾನ ಮೆಡಿಕಲ್ ಅಂಗಡಿಯ ಕಡೆ ತಿರುಗಿತು. ಬೆಟ್ಟದಪುರದ ಔಷಧಿ ಅಂಗಡಿಯ ನಂಜುಂಡೇಶ್ ಕೇಳುವ ಮೊದಲೇ ಬಿಲ್ಲಿನ ಪುಸ್ತಕ ತೆಗೆದಿಟ್ಟ. ಕುಳ್ಳಮ್ಮನ ಹೆಸರಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಇರಲಿಲ್ಲ.

"ಕುಳ್ಳಮ್ಮಂಗೆ ತಪ್ಪು ಮಾತ್ರೆ ಕೊಡಕ್ಕಾಯ್ತದಾ ಸರ್? ನೆಗಡಿ ಮಾತ್ರೆ ಕೊಟ್ರೂ ಬಿಡ್ತಿರ್ಲಿಲ್ಲ. 'ಹಿಂದ್ಗಡೆ ಸಣ್ಣಕ್ಷರ ಓದಪ್ಪ, ಒಳಗೇನದೆ ಯೇಳು' ಅನ್ನೋರು. ಒಂದ್ಸಲ ನೆಗಡಿ ಮಾತ್ರೇಲೂ ಪ್ಯಾರಾಸಿಟಮಾಲ್ ಅದೆ ಅಂತ ಓದಿ ಹೇಳ್ದೆ. 'ಅಂಗಾದ್ರೆ ಇವತ್ತು ನೋವಿಂದು ಬ್ಯಾಡ' ಅಂತ ವಾಪಸ್ ಕೊಟ್ರು."

ಸೆಪ್ಟೆಂಬರ್ ಐದು, ಮಧ್ಯಾಹ್ನ ಹನ್ನೆರಡು. ಕೆರೆಯಂಚಿನ ಮನೆಯಲ್ಲಿ ನೀಲಕಂಠಸ್ವಾಮಿಯವರು ಪೊಲೀಸರಿಗೆ ಚಾಪೆ ಹಾಸಿ ಕೂರಿಸಿದರು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆಯಲ್ಲಿ ವಿಭೂತಿ, ಮೆಲ್ಲನೆಯ ಮಾತು. ಅವರ ತಂದೆ ದೊಡ್ಡ ನಾಟಿ ವೈದ್ಯರು. ಶಿವನಂಜಪ್ಪನ ತಾಯಿಗೆ ಕಾಲು ಮುರಿದಾಗ ಪಟ್ಟು ಹಾಕಿ ನಡೆಸಿದವರು ಆ ತಂದೆಯೇ. ಆ ಋಣ ಶಿವನಂಜಪ್ಪನ ಮನಸ್ಸಿನಿಂದ ಹೋಗಿರಲಿಲ್ಲ.

"ಪುಡಿಗೆ ಏನೇನು ಹಾಕ್ತೀರಿ?" ಚೈತ್ರ ಕೇಳಿದಳು.

"ಲಕ್ಕಿ ಸೊಪ್ಪು, ಶುಂಠಿ, ಅಮೃತಬಳ್ಳಿ, ಇನ್ನೆರಡು ಬೇರು. ಬೇಕಾದ್ರೆ ತಗೊಂಡೋಗಿ ನೋಡಿ ತಾಯಿ."

ಅವರೇ ಒಳಗೆ ಹೋಗಿ ಡಬ್ಬಿ ತಂದುಕೊಟ್ಟರು. ಪಂಚರ ಸಹಿಯೊಂದಿಗೆ ಮಾದರಿ ಹೋಯಿತು. ವರದಿ ಬರುವವರೆಗೆ ಪುಡಿ ಯಾರಿಗೂ ಕೊಡಬಾರದೆಂದು ಚೈತ್ರ ಬರೆಸಿಕೊಂಡಳು.

ವರದಿ ಸೆಪ್ಟೆಂಬರ್ ಹದಿನೇಳಕ್ಕೆ ಬಂತು. ಪುಡಿಯಲ್ಲಿ ಸಸ್ಯದ ಅಂಶ ಮಾತ್ರ. ಅಡುಗೆಮನೆಯ ಮಾದರಿಗಳಲ್ಲೂ, ಒಳಾಂಗಗಳಲ್ಲೂ ವಿಷವಿರಲಿಲ್ಲ; ನೋವಿನ ಮಾತ್ರೆಗಾಗಿ ಒಳಾಂಗಗಳನ್ನು ಪರೀಕ್ಷಿಸಿರಲಿಲ್ಲ. ಊರಿನ ಬಾಯಿ ಮಾತ್ರ ಮುಚ್ಚಿರಲಿಲ್ಲ. ಮಹದೇವಿ ತವರಿಗೆ ಹೋಗಿ ಕುಳಿತಿದ್ದಳು.

"ಸಹಜ ಸಾವು ಅಂತ ಮುಕ್ತಾಯ ಮಾಡೋಣ ಅನ್ಸುತ್ತೆ," ಚೈತ್ರ ಕಡತ ಮುಚ್ಚಿದಳು. "ಆದ್ರೆ ಒಂದು ಮಾತು ಹೋಗ್ತಿಲ್ಲ. ಪುಡಿ ಕುಡಿದು ಅರ್ಧ ಗಂಟೆಗೆ ಅತ್ತೆ ನೋವು ಇಳೀತಿತ್ತು ಅಂದಳಲ್ಲ ಮಹದೇವಿ. ಬರೀ ಬೇರು ಅಷ್ಟು ಬೇಗ ಕೆಲಸ ಮಾಡುತ್ತಾ?"

ಶಿವನಂಜಪ್ಪನ ಮಂಡಿ ನೋವೂ ಸರಿಯಾಗಿ ಅರ್ಧ ಗಂಟೆಗೆ ಇಳಿಯುತ್ತಿತ್ತು. ನಾಲ್ಕು ತಿಂಗಳಿಂದ ಹೊಟ್ಟೆ ಉರಿ, ಅದಕ್ಕೆ ಬೇರೆ ಮಾತ್ರೆ. ಠಾಣೆಯ ಇಬ್ಬರಿಗೆ ಪುಡಿಯ ಗುಣ ಹೇಳಿ ಕಳಿಸಿದವನೂ ಅವನೇ. ಎರಡು ವಾರದಿಂದ ಪ್ರತಿದಿನ ಬೀರು ತೆಗೆದು ಪೊಟ್ಟಣ ನೋಡಿ ಮತ್ತೆ ಮುಚ್ಚಿದ್ದ. ಆ ಮನೆಯವರ ಮೇಲೆ ತನ್ನ ಕೈಯಿಂದಲೇ ಕೇಸು ಹೋಗುವುದನ್ನು ನೆನೆದರೆ, ತಾಯಿ ಎದುರಿಗೆ ನಿಂತು ಕೇಳಿದಂತಾಗುತ್ತಿತ್ತು.

ಊಟದ ಹೊತ್ತಿಗೆ ಮನೆಗೆ ಹೋದವನು ಮೂರು ಗಂಟೆಗೆ ವಾಪಸಾಗಿ ಆರೂ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟ.

"ಆಗಸ್ಟಿನಲ್ಲಿ ಅವರೇ ಕೊಟ್ಟಿದ್ದು ಮೇಡಂ. ಡಬ್ಬಿಯಿಂದಲ್ಲ, ಒಳಗಿನ ಜಾಡಿಯಿಂದ."

ಚೈತ್ರ ಪೊಟ್ಟಣ ನೋಡಿದಳು, ಅವನ ಮುಖ ನೋಡಿದಳು.

"ಮೊದಲ ದಿನವೇ ಹೇಳಬೇಕಿತ್ತು."

"ಹೌದು ಮೇಡಂ."

"ಇನ್ನು ನೀವು ಈ ಕೇಸಲ್ಲಿ ಸಾಕ್ಷಿ. ಒಂದಕ್ಷರ ಬರೆಯೋ ಹಾಗಿಲ್ಲ." ಆಮೇಲೆ ದನಿ ತಗ್ಗಿಸಿದಳು. "ನಾಳೆ ರಜೆ ಹಾಕಿ ರಕ್ತ ಪರೀಕ್ಷೆ ಮಾಡಿಸಿ. ಬಿಪಿ ಮಾತ್ರೆ ಬೇರೆ ತಗೋತೀರಿ."

ಶಿವನಂಜಪ್ಪನ ಮೂತ್ರಪಿಂಡಕ್ಕೆ ಆಗಲೇ ಸ್ವಲ್ಪ ಏಟು ಬಿದ್ದಿತ್ತು. ಸದ್ಯ ಸರಿಹೋಗುವ ಹಂತ ಎಂದರು ವೈದ್ಯರು.

ಸೆಪ್ಟೆಂಬರ್ ಇಪ್ಪತ್ತೊಂಬತ್ತಕ್ಕೆ ಎರಡನೆಯ ವರದಿ. ಒಂದೊಂದು ಪೊಟ್ಟಣದಲ್ಲೂ ಎರಡು ಮಾತ್ರೆಯಷ್ಟು ಡೈಕ್ಲೋಫೆನಾಕ್. ಅಂದೇ ಸಂಜೆ ನಾಲ್ಕೂವರೆಗೆ ಔಷಧಿ ಕಲಬೆರಕೆ ಮತ್ತು ಸಾವಿಗೆ ಕಾರಣವಾದ ಆರೋಪದ ಮೇಲೆ ಎಫ್‌ಐಆರ್ ಆಯಿತು. ಸುದ್ದಿ ತಿಳಿದು ಬಂದ ಸೌಂದರ್ಯ ಹೊಸ ಹೇಳಿಕೆ ಕೊಟ್ಟಳು. ಸಹಿ ಮಾಡಿದ ಮೇಲೂ ಎದ್ದು ಹೋಗದೆ ಕೇಳಿದಳು: "ಅತ್ತಿಗೆ ತವರಿಗೆ ನಾನು ಓದ್ರೆ ಬಾಗ್ಲು ತೆಗೀತಾರ ಸಾ?"

"ಓಗವ್ವ. ತೆಗೀದಿದ್ರೆ ಒಂದಷ್ಟೊತ್ತು ಕೂತ್ಕೊ," ಎಂದ ಶಿವನಂಜಪ್ಪ.

ಮಾತ್ರೆ ಎಲ್ಲಿಂದ ಬರುತ್ತಿತ್ತು? ನೀಲಕಂಠಸ್ವಾಮಿಯವರ ಫೋಟೊ ಹಿಡಿದು ಕಾನ್‌ಸ್ಟೆಬಲ್‌ಗಳು ಪಿರಿಯಾಪಟ್ಟಣ, ಹುಣಸೂರು ಸುತ್ತಿದರು. ಕೊಪ್ಪದ ಔಷಧಿ ಅಂಗಡಿಯೊಂದರಲ್ಲಿ ಮೂರ್ತಿ ಎಂಬವನು ಫೋಟೊ ಗುರುತಿಸಿದ. ವೃದ್ಧರ ಸೇವೆಗೆ ಎಂದು ಹೇಳಿ ಎರಡು ವರ್ಷದಿಂದ ಡಬ್ಬಗಟ್ಟಲೆ ಒಯ್ಯುತ್ತಿದ್ದರಂತೆ. ವೈದ್ಯರ ಚೀಟಿ ಇಲ್ಲದೆ ಕೊಟ್ಟದ್ದಕ್ಕೆ ಅವನ ಮೇಲೂ ಔಷಧ ನಿಯಂತ್ರಣ ಇಲಾಖೆಗೆ ವರದಿ ಹೋಯಿತು.

ಅಕ್ಟೋಬರ್ ನಾಲ್ಕು, ಶನಿವಾರ, ಬೆಳಿಗ್ಗೆ ಎಂಟು. ಕೆರೆಯಂಚಿನ ಮನೆಯ ಹಿಂಬದಿ ಕೋಣೆಯಲ್ಲಿ ಜಾಡಿ, ಒರಳು, ಹಿತ್ತಲ ಗುಂಡಿಯಲ್ಲಿ ಮಣ್ಣು ಮುಚ್ಚಿದ ಖಾಲಿ ಮಾತ್ರೆ ಹಾಳೆಗಳ ರಾಶಿ ಸಿಕ್ಕಿತು. ಪಂಚನಾಮೆ ಮುಗಿಯುವವರೆಗೂ ನೀಲಕಂಠಸ್ವಾಮಿಯವರು ಜಗುಲಿಯಲ್ಲಿ ಕೈಕಟ್ಟಿ ಕುಳಿತಿದ್ದರು. ಬಂಧನದ ಕಾರಣ ಓದಿ ಹೇಳಿದಾಗ ಎದ್ದು ಚಪ್ಪಲಿ ಮೆಟ್ಟಿಕೊಂಡರು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವನು ಬೇರೊಬ್ಬ. ಶಿವನಂಜಪ್ಪ ಬಾಗಿಲ ಬಳಿ ನಿಂತಿದ್ದ.

"ಯಾಕೆ ಮಾಡಿದ್ರಿ?" ಚೈತ್ರ ಕೇಳಿದಳು.

"ನಮ್ಮಪ್ಪಂಗೆ ಕೈಗುಣ ಅದೆ ಅಂತಿದ್ರು ಜನ. ನಾನೂ ಅದೇ ಬೇರು, ಅದೇ ಸೊಪ್ಪು ಅರೆದೆ. ವಾರ ಬಿಟ್ಟು ಬಂದೋರು, 'ದೊಡ್ಡೋರ ಕಾಲದಂಗೆ ಇಲ್ಲ ಸ್ವಾಮೇರೆ' ಅನ್ನೋರು. ಇಪ್ಪತ್ತು ವರ್ಷ ಕೇಳ್ದೆ ಆ ಮಾತ." ಅವರು ನೆಲ ನೋಡುತ್ತಿದ್ದರು. "ಒಂದಿನ ನನ್ನ ಸೊಂಟಕ್ಕೆ ತಂದಿದ್ದ ಮಾತ್ರೆನೇ ಅರೆದು ಪುಡಿಗೆ ಸೇರಿಸಿ ಒಬ್ಬಳಿಗೆ ಕೊಟ್ಟೆ. ಮಾರನೇ ಬೆಳಿಗ್ಗೆ ನಡ್ಕಂಡು ಬಂದ್ಲು. ನನ್ನ ಕೈ ಇಡ್ಕಂಡು ಕಣ್ಣಿಗೆ ಒತ್ಕಂಡ್ಲು. ಅಪ್ಪನ ಕೈಗುಣ ನಿಮಗೂ ಬಂತು ಅಂದ್ಲು. ಅದಾದ್ಮೇಲೆ ನಿಲ್ಸಾಕೆ ಆಗ್ಲಿಲ್ಲ."

"ಕುಳ್ಳಮ್ಮ ನಿಮ್ಮನ್ನ ಏನಾದ್ರೂ ಕೇಳಿದ್ರಾ?"



"ಕೇಳಿದ್ರು. ಚೀಟಿ ತಂದಿದ್ರು. 'ಹೃದಯಕ್ಕೆ ಮಾತ್ರೆ ತಗಳ್ತೀನಿ ಸ್ವಾಮೇರೆ, ಇದ್ರೊಳಗೆ ಏನದೆ ನಿಜ ಯೇಳಿ' ಅಂದ್ರು."

"ನೀವೇನಂದ್ರಿ?"

"ಬರೀ ಸೊಪ್ಪು ಬೇರು ಅಂದೆ. ನಿಜ ಯೇಳಿದ್ರೆ ಆವಮ್ಮ ಪೊಟ್ಟಣ ಅಲ್ಲೇ ಇಟ್ಟು ಓಗೋರು. ಕೈಗುಣ ನಂದಲ್ಲ, ಅಂಗಡಿ ಮಾತ್ರೇದು ಅಂತ ಊರಿಗೆಲ್ಲ ಗೊತ್ತಾಗೋದು."

ಬರೆಯುತ್ತಿದ್ದ ಕಾನ್‌ಸ್ಟೆಬಲ್ ತಲೆಯೆತ್ತಿದ. "ಇದನ್ನೂ ಬರೀಬೇಕಾ ಮೇಡಂ?"

"ಅವರು ಹೇಳಿದ ಹಾಗೇ ಬರೀ," ಎಂದಳು ಚೈತ್ರ.

ಸಹಿಯಾದ ಮೇಲೆ ಬೆರಳಚ್ಚು. ಮುದುಕರ ಬೆರಳು ಜಾರಿ ಅಚ್ಚು ಎರಡು ಸಲ ಕೆಟ್ಟಿತು. ಶಿವನಂಜಪ್ಪ ಮುಂದೆ ಬಂದು ಆ ಕೈಯನ್ನು ತನ್ನ ಅಂಗೈಯಲ್ಲಿ ಹಿಡಿದ. ಅದು ತಣ್ಣಗಿತ್ತು. ಮೂರನೆಯ ಹಾಳೆಯಲ್ಲಿ ಬೆರಳು ಒಂದೊಂದಾಗಿ ಒತ್ತಿಸಿದ, ಹತ್ತೂ ಮುಗಿಯುವವರೆಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.