ಮೂರನೇ ಹಂತ ಅಳಿಸಿದ ಕೈ

ಗುಬ್ಬಿ ನಮ್ಮ ಬಾಗಿಲಿಗೆ ಬಂದಾಗ ಅವಳ ಕೈಯಲ್ಲಿ ಒಂದು ನೀಲಿ ಅಂಗಿಯಿತ್ತು, ಕಣ್ಣಲ್ಲಿ ನೀರಿತ್ತು. ಅಕ್ಕ ಮೊದಲು ನೋಡಿದ್ದು ಅಂಗಿಯನ್ನು.

ಅವಳು ಮೂವತ್ತೆಂಟು ವರ್ಷ ಹೊಲಿಗೆ ಕಲಿಸಿದವಳು. ಅಂಗಿಯನ್ನು ಮಡಿಲಲ್ಲಿ ಹರಡಿ, ತೋಳಿನಿಂದ ಕೊರಳಿಗೆ, ಕೊರಳಿಂದ ಅಂಚಿಗೆ ಗೇಣು ಹಾಕುತ್ತ ಹೋದಳು. "ಹೊಲಿದವನ ತಪ್ಪಲ್ಲ ಇದು," ಎಂದಳು. "ದರ್ಜಿ ತಪ್ಪಿದರೆ ಒಂದು ಕಡೆ ತಪ್ಪುತ್ತೆ. ಇದು ದೊಡ್ಡವರ ಅಂಗಿ, ಆದರೆ ಎಲ್ಲ ಕಡೆಯೂ ಹತ್ತರಲ್ಲಿ ಒಂದು ಪಾಲು ಕಡಿಮೆ. ನಕ್ಷೆಯೇ ಕುಗ್ಗಿದೆ. ಈಗ ಅಳು ನಿಲ್ಲಿಸಿ ಹೇಳು."

ಗುಬ್ಬಿ ಹೇಳಿದ ಕತೆಯನ್ನು ನಾನು ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಮೇಷ್ಟ್ರ ಬಳಗ ಕೆಲಸ ಮಾಡುತ್ತಿತ್ತು. ಮೈಯ ಅಳತೆ ಕೊಟ್ಟರೆ ಬಟ್ಟೆ ಕತ್ತರಿಸುವ ನಕ್ಷೆಯನ್ನು ಬಿಡಿಸಿಕೊಡುವ ತಂತ್ರಾಂಶ ಅವರದು. ಅದನ್ನು 'ಲೈಬ್ರರಿ' ಎನ್ನುತ್ತಿದ್ದರು. ಅದಕ್ಕೆ ಬೀಗವಿಲ್ಲ, ಬೆಲೆಯಿಲ್ಲ. ಯಾರು ಬೇಕಾದರೂ ಬಳಸಬಹುದು, ಒಳಗಿನದನ್ನೆಲ್ಲ ಬಿಚ್ಚಿ ನೋಡಬಹುದು, ತಿದ್ದಬಹುದು. ನಾಲ್ಕೂ ದಿಕ್ಕಿನ ದರ್ಜಿಗಳು ಅದನ್ನು ನಂಬಿದ್ದರು. ಮೇಷ್ಟ್ರು ಅದನ್ನು ಕಟ್ಟಿದವರು. ಗುಬ್ಬಿ ಅದರ ಕೈಪಿಡಿ ಬರೆದವಳು. ಓದಿದವರಿಗೆ ತಿಳಿಯಲಿ ಎಂದು ಒಂದೊಂದು ವಾಕ್ಯವನ್ನೂ ಹತ್ತು ಸಲ ತಿದ್ದಿ, ಎರಡು ವರ್ಷ ಅದರಲ್ಲೇ ಬದುಕಿದ್ದಳು.

ಆ ಕೈಪಿಡಿಯ ಮೂರನೇ ಹಂತ ಹೀಗಿತ್ತು: 'ನಕ್ಷೆಗೆ ಮೊದಲು ಅಳತೆಯ ಚೌಕವನ್ನು ಮುದ್ರಿಸಿ, ಸ್ಕೇಲು ಇಟ್ಟು ನೋಡಿ. ಐದು ಸೆಂಟಿಮೀಟರಿಗೆ ಸರಿಯಾಗಿ ಐದು ಬರದಿದ್ದರೆ ಬಟ್ಟೆಗೆ ಕತ್ತರಿ ಹಾಕಬೇಡಿ.' ಮುದ್ರಣದ ಯಂತ್ರಕ್ಕೆ ಒಂದು ಕೆಟ್ಟ ಚಾಳಿ. ಹಾಳೆಗೆ ಹಿಡಿಸಲೆಂದು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸಿಬಿಡುತ್ತದೆ. ಚೌಕ ನೋಡಿದರಷ್ಟೇ ಅದು ಸಿಕ್ಕಿಬೀಳುವುದು.

ಆ ಹಂತವನ್ನು ಯಾರೋ ಅಳಿಸಿದ್ದರು. ದೂರದ ಒಬ್ಬ ದರ್ಜಿ ಕೈಪಿಡಿಯನ್ನು ಅಕ್ಷರ ಬಿಡದೆ ಪಾಲಿಸಿ ಆಸ್ಪತ್ರೆಯ ರೋಗಿಗಳಿಗೆ ಮೂವತ್ತೆರಡು ಅಂಗಿ ಹೊಲಿದಿದ್ದ. ಒಂದೂ ಯಾರ ಮೈಗೂ ಇಳಿದಿರಲಿಲ್ಲ. ಅದರಲ್ಲೊಂದನ್ನು ಇಲ್ಲಿಗೆ ಕಳಿಸಿದ್ದ. ವಾಕ್ಯವನ್ನು ಮತ್ತೆ ಸೇರಿಸಿದ್ದಾಗಿತ್ತು. ಆದರೆ ತಿದ್ದುಪಡಿಯ ದಾಖಲೆಯಲ್ಲಿ ಅಳಿಸಿದವರ ಹೆಸರು ಗುಬ್ಬಿಯದೇ ಇತ್ತು.

"ಹೇಳದೆ ಅಳಿಸಿದೋರಿಗೆ ಕೈಪಿಡಿ ಮುಟ್ಟೋ ಹಕ್ಕಿಲ್ಲ ಅನ್ನೋದು ನಾವೇ ಮಾಡಿಕೊಂಡ ನಿಯಮ," ಎಂದಳು. "ನಾಳೆ ದರ್ಜಿ ಬರ್ತಾರೆ. ಅವರೆದುರಿಗೆ ತೀರ್ಮಾನ. ಆದರೆ ನಾನು ಅಳಿಸಿಲ್ಲ ಅಕ್ಕ. ಯಾರಾದರೂ ತಾನೇ ನೆಟ್ಟ ಗಿಡ ಕೀಳ್ತಾರಾ?"

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ," ಎಂದು ಅಕ್ಕ ಎದ್ದು, ದೇವರ ಪಟದ ಮುಂದೆ ಒಂದು ಗಳಿಗೆ ಕೈಮುಗಿದು ನಿಂತಳು. "ನಡಿಯೋ ತಮ್ಮಾ, ಮೇಲೆ ಹೋಗಿ ಬರೋಣ."

ಮೇಲಿನದು ಉದ್ದನೆಯ ಕೋಣೆ. ಬಾಗಿಲ ಪಕ್ಕದಲ್ಲಿ ಮುದ್ರಣದ ಯಂತ್ರ, ಅದಕ್ಕೆ ಜೋಡಿಸಿದ, ಎಲ್ಲರೂ ಬಳಸುವ ಹಳೆಯ ಕಂಪ್ಯೂಟರು. ಗುಬ್ಬಿ ಅದರಲ್ಲಿ ತನ್ನ ಹೆಸರಿನಿಂದ ಒಳಹೊಕ್ಕರೆ ಹೊರಬರುವುದನ್ನು ಮರೆಯುತ್ತಿದ್ದಳಂತೆ. ಇದನ್ನು ಹೇಳಿದವನು ತಂತ್ರಾಂಶದ ಪರೀಕ್ಷಕ. ನಲವತ್ತು ದಾಟಿದ್ದರೂ ಎಲ್ಲರಿಗೂ ಅವನು ಗಡಿಬಿಡಿ. "ಬೀಗ ಹಾಕಿ ಕೀಲಿಕೈ ಬೀಗದಲ್ಲೇ ಬಿಟ್ಟು ಹೋಗೋ ಜಾತಿ," ಎಂದು ನಕ್ಕ. ಆ ಚೌಕದ ಹಂತ ತನಗೆ ಮೊದಲಿಂದಲೂ ಕಿರಿಕಿರಿ ಎಂದು ಅವನೇ ಒಪ್ಪಿಕೊಂಡ. ಕೈಪಿಡಿ ಗಿಡ್ಡವಾದಷ್ಟೂ ಚೆನ್ನ ಎಂಬುದು ಅವನ ಮತ.

ಅಳಿಸಿದ್ದರ ದಾಖಲೆಯನ್ನು ತೋರಿಸಲು ಅಕ್ಕ ಹೇಳಿದಳು. ಮೂರು ವಾರದ ಹಿಂದಿನ ಮಂಗಳವಾರ, ಬೆಳಗ್ಗೆ ಹನ್ನೊಂದೂವರೆ, ಇದೇ ಹಳೆಯ ಕಂಪ್ಯೂಟರಿನಿಂದ. ಮೂರನೆಯದು ಹೋಗಿದ್ದಷ್ಟೇ ಅಲ್ಲ, ನಾಲ್ಕನೆಯದು ಮೂರಾಗಿತ್ತು, ಐದನೆಯದು ನಾಲ್ಕಾಗಿತ್ತು. ಬೇರೆ ಪುಟದಲ್ಲಿ 'ಐದನೇ ಹಂತ ನೋಡಿ' ಎಂದಿದ್ದ ಕಡೆ 'ನಾಲ್ಕನೇ ಹಂತ ನೋಡಿ' ಎಂದಾಗಿತ್ತು.

"ಬಹಳ ನೀಟಾಗಿದೆ," ಎಂದಳು ಅಕ್ಕ. ಅಷ್ಟೇ.

ಗೋಡೆಯ ಮೇಲೆ ಒಂದು ರೇಖಾಚಿತ್ರ ಅಂಟಿಸಿತ್ತು. ಬಳಕೆದಾರರಿಂದ ದಿನಕ್ಕೆ ಎಷ್ಟು ಪ್ರಶ್ನೆ ಬರುತ್ತವೆ ಎಂಬ ಲೆಕ್ಕ. ಪ್ರಶ್ನೆ ಕಡಿಮೆಯಾದಷ್ಟೂ ಕೈಪಿಡಿ ಸುಧಾರಿಸಿದೆ ಎಂದು ಅವರ ತಿಳುವಳಿಕೆ. ಗೆರೆ ಹತ್ತೊಂಬತ್ತರಿಂದ ನಾಲ್ಕಕ್ಕೆ ಜಾರಿತ್ತು. ಕೆಳಗೆ ಯಾರೋ ನಗುವ ಮುಖ ಬರೆದಿದ್ದರು.

ಅಷ್ಟರಲ್ಲಿ ಹಿಂದೆ ಯಂತ್ರ ಗುರ್ ಎಂದಿತು. ಮೇಷ್ಟ್ರ ಸೊಸೆ ಅಲ್ಲಿ ನಿಂತಿದ್ದಳು. ಮಾವನ ಕಣ್ಣು ಮಂಜಾದ ಮೇಲೆ, ಬಂದ ಪತ್ರಗಳನ್ನು ಹೆಬ್ಬೆರಳಷ್ಟು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ತಂದಿಡುವುದು ಅವಳ ದಿನದ ಕೆಲಸ. ಜೀವನವೆಲ್ಲ ಗಡಿಯಾರ ರಿಪೇರಿ ಮಾಡಿದ ಕಣ್ಣು ನನ್ನದು. ಅಭ್ಯಾಸಬಲದಿಂದ ಗೋಡೆಯ ಗಡಿಯಾರ ನೋಡಿದೆ. ಹನ್ನೊಂದೂವರೆಗೆ ಎರಡು ನಿಮಿಷವಿತ್ತು.

"ಇವತ್ತು ಮೂರೇ, ಮಾವ," ಎಂದು ಹಾಳೆಗಳ ಅಂಚು ಜೋಡಿಸಿ ಮೇಜಿನ ಮೇಲಿಟ್ಟಳು.

ಮೇಷ್ಟ್ರು ಹಾಳೆ ತಿರುವಿದರು. "ಮೂರೇನಾ? ಪತ್ರದ ಪೆಟ್ಟಿಗೆ ಕೆಟ್ಟಿಲ್ಲ ತಾನೇ? ಇನ್ನೊಂದು ಸಲ ನೋಡು ತಾಯಿ."

ಅವರ ಮಣಿಕಟ್ಟಿಗೆ ಸುತ್ತುತ್ತಿದ್ದ ಬ್ಯಾಂಡೇಜು ಮೇಜಿನ ಮೂಲೆಯಲ್ಲಿ ಸುರುಳಿಯಾಗಿ ಕೂತಿತ್ತು. ಉತ್ತರ ಬರೆದು ಬರೆದು ಆ ಕೈ ಊದಿಕೊಂಡಿದ್ದನ್ನು ನಾನೇ ನೋಡಿದ್ದೆ. ಬೇರೆಯವರು ಬರೆಯಲೆಂದರೆ ಒಪ್ಪುತ್ತಿರಲಿಲ್ಲ. ಒಂದೇ ಬೆರಳಲ್ಲಿ ಕುಟ್ಟುತ್ತಿದ್ದರು. ಈಗ ಊತ ಇಳಿದಿತ್ತು. ಮುಖ ಮಾತ್ರ ಯಾಕೋ ಬಾಡಿತ್ತು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಮೊದಲು ಬರ್ತಿದ್ದ ಪತ್ರಗಳಲ್ಲಿ ಜನ ಹೆಚ್ಚಾಗಿ ಏನು ಕೇಳ್ತಿದ್ರು ಮೇಷ್ಟ್ರೇ?"

"ಚೌಕ ಚಿಕ್ಕದಾಗಿ ಬಂತು, ಏನು ಮಾಡಲಿ ಅಂತ. ನೂರು ಸಲ ಬರೆದಿದ್ದೀನಿ, ಟೀಚರಮ್ಮ. ನೂರು ಸಲವೂ ಬೇರೆ ಬೇರೆ ಥರ."

ಮರುದಿನ ಹನ್ನೊಂದಕ್ಕೆ ಎಲ್ಲರೂ ಅದೇ ಕೋಣೆಯಲ್ಲಿ ಸೇರಿದರು. ದರ್ಜಿ ಉಳಿದ ಮೂವತ್ತೊಂದು ಅಂಗಿಗಳ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಕೂತಿದ್ದ. ಸಿಟ್ಟಿಗಿಂತ ಅವಮಾನವೇ ಅವನ ಮುಖದಲ್ಲಿ ಹೆಚ್ಚಿತ್ತು. ಗುಬ್ಬಿ ಗೋಡೆಗೆ ಅಂಟಿಕೊಂಡಿದ್ದಳು.

ಅಕ್ಕ ತನ್ನ ಹೊಲಿಗೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು, ಕತೆ ಹೇಳುವವಳ ಹಾಗೆ ಶುರುಮಾಡಿದಳು. ಹೆಸರು ಗುಬ್ಬಿಯದಾದರೂ ಕೈ ಯಾರದಾದರೂ ಆಗಿರಬಹುದು, ಏಕೆಂದರೆ ಕಂಪ್ಯೂಟರು ತೆರೆದೇ ಇರುತ್ತಿತ್ತು. ಮೊದಲು ನೆನಪಾಗುವುದು ಗಡಿಬಿಡಿ. ಆದರೆ ಅವನು ಅಳಿಸಿದ್ದರೆ ಎರಡರ ಮುಂದೆ ನೇರ ನಾಲ್ಕು ಉಳಿಯುತ್ತಿತ್ತು.

"ಅಂಗಿ ಗುಂಡಿಯನ್ನೇ ಒಂದು ಕಾಜ ತಪ್ಪಿಸಿ ಹಾಕಿಕೊಂಡು ಬಂದೋನು, ಹಂತಕ್ಕೆ ಹೊಸ ನಂಬರು ಹಾಕ್ತಾನಾ?"

ಗಡಿಬಿಡಿ ತನ್ನ ಎದೆ ನೋಡಿಕೊಂಡು ಗುಂಡಿ ಸರಿಮಾಡಿಕೊಂಡ. ದರ್ಜಿಗೂ ನಗು ಬಂತು.

ಮೇಷ್ಟ್ರಲ್ಲ, ಎಂದು ಅಕ್ಕ ಮುಂದುವರಿಸಿದಳು. ಆ ಕಂಪ್ಯೂಟರಿನ ಸಣ್ಣ ಅಕ್ಷರ ಅವರ ಕಣ್ಣಿಗೆ ಕಾಣದು. ಗುಬ್ಬಿಯಲ್ಲ, ತನ್ನ ಪುಟವನ್ನು ತಿದ್ದಲು ಅವಳ ಮೇಜಿನ ಮೇಲೆಯೇ ಕಂಪ್ಯೂಟರಿದೆ, ಮುದ್ರಿಸುವುದಕ್ಕಷ್ಟೇ ಅವಳು ಬಾಗಿಲ ಹತ್ತಿರ ಬರುತ್ತಾಳೆ. ಹಾಗಾದರೆ ಇದರಿಂದ ಯಾರಿಗೆ ಏನು ಸಿಕ್ಕಿತು? ಚೌಕದ ಹಂತ ಹೋದದ್ದೇ ತಡ, ಚೌಕದ ಬಗ್ಗೆ ಕೇಳುವವರೂ ಹೋದರು. ಪತ್ರ ಹತ್ತೊಂಬತ್ತರಿಂದ ನಾಲ್ಕಕ್ಕಿಳಿಯಿತು. ಒಂದು ಮುದಿ ಕೈಯ ಊತ ಇಳಿಯಿತು.

"ಅಳಿಸಿದ ಕೈಗೆ ದ್ವೇಷ ಇರಲಿಲ್ಲ," ಎಂದಳು. "ಆ ಕೈ ದಿನಾ ಹನ್ನೊಂದೂವರೆಗೆ ಈ ಯಂತ್ರದ ಹತ್ತಿರ ನಿಲ್ಲುತ್ತೆ. ಯಾವ ಪ್ರಶ್ನೆ ಎಷ್ಟು ಸಲ ಬರುತ್ತೆ ಅಂತ ಅದಕ್ಕೆ ಗೊತ್ತು. ಹಾಳೆ ಇಟ್ಟರೆ ಅಂಚು ಜೋಡಿಸಿ ಇಡುತ್ತೆ. ಸಂಜೆ ಮಾವನ ಮಣಿಕಟ್ಟಿಗೆ ಎಣ್ಣೆ ಹಚ್ಚೋದೂ ಅದೇ."

ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಅಲ್ಲವೆನ್ನಲಿಲ್ಲ. ಅದು ಗುಬ್ಬಿಯ ಹೆಸರಲ್ಲಿ ದಾಖಲಾಗುತ್ತದೆಂದು ಆಗ ಹೊಳೆದೇ ಇರಲಿಲ್ಲವಂತೆ. ಆ ಚೌಕ ಬರೀ ಮುನ್ನೆಚ್ಚರಿಕೆಯ ಶಾಸ್ತ್ರ ಎಂದುಕೊಂಡಿದ್ದಳಂತೆ. ಅಂಗಿಗಳ ಸುದ್ದಿ ಬಂದ ಮೇಲೆ ಹೇಳಬೇಕೆಂದು ಎರಡು ಸಲ ಬಾಯಿ ತೆರೆದು, ಎರಡು ಸಲವೂ ಮಾವನ ಕೈ ನೋಡಿ ಸುಮ್ಮನಾದಳಂತೆ.

"ನಿಮ್ಮಿಂದಾಗಿ ಹೀಗಾಯ್ತು ಅಂತ ನಿಮಗೆ ಅನ್ನಿಸಬಾರದು ಅಂತ, ಮಾವ," ಎಂದಳು. ಆಮೇಲೆ ಗುಬ್ಬಿಯ ಕಡೆ ತಿರುಗಿ, "ನೀನು ಮೂರು ದಿನ ಊಟ ಬಿಟ್ಟೆ. ನಾನು ನೋಡ್ತಾ ಇದ್ದೆ. ಅದಕ್ಕೆ ಕ್ಷಮೆ ಇಲ್ಲ ಕಣೇ," ಎಂದಳು.

ಗುಬ್ಬಿ ಬಂದು ಅವಳ ಪಕ್ಕ ನಿಂತಳು.

ಮೇಷ್ಟ್ರು ತಮ್ಮ ಕೈಯನ್ನು ನೋಡಿಕೊಂಡರು. "ನೋವು ಕಡಿಮೆ ಆಯ್ತು, ನಿಜ," ಎಂದರು. "ಆದರೆ ಈ ಮೂರು ವಾರ ನಾನೇನು ಅಂದುಕೊಂಡೆ ಗೊತ್ತಾ? ಜನ ನಮ್ಮನ್ನ ಬಿಟ್ಟು ಹೋದರು ಅಂತ. ಆ ಪತ್ರಗಳು ಬಂದರೆ ಮನೆಗೆ ನೆಂಟರು ಬಂದ ಹಾಗೆ ಇತ್ತಮ್ಮ ನನಗೆ."

ಸೊಸೆ ಆಗ ಅತ್ತಳು.

ಅಕ್ಕ ಗೋಡೆಯ ಹತ್ತಿರ ಹೋಗಿ ಆ ನಗುವ ಮುಖದ ಮೇಲೆ ಬೆರಳಿಟ್ಟಳು. "ತಪ್ಪು ಇವಳೊಬ್ಬಳದೇ ಅಲ್ಲ, ಇದನ್ನ ಅಂಟಿಸಿದ ಎಲ್ಲರದೂ. ಅಳದ ಕೂಸಿಗೆ ಹೊಟ್ಟೆ ತುಂಬಿದೆ ಅಂತ ಅರ್ಥವಾ? ನನ್ನ ತರಗತಿ ಸದ್ದಿಲ್ಲದೆ ಕೂತ ದಿನವೇ ನಾನು ಹೆದರ್ತಿದ್ದೆ. ಯಾರೋ ತಪ್ಪು ಕತ್ತರಿಸ್ತಾ ಇದ್ದಾರೆ ಅಂತ."

ಆಮೇಲೆ ಆದದ್ದು ತೀರ್ಮಾನಕ್ಕಿಂತ ಹೆಚ್ಚಾಗಿ ಕೆಲಸ. ಸೊಸೆಯ ಕಪಾಟಿನಲ್ಲಿ ಮಾವ ಬರೆದ ಉತ್ತರಗಳೆಲ್ಲ ಅಂಚು ಜೋಡಿಸಿಕೊಂಡು ಇದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಸರಳವಾದದ್ದನ್ನು ಅವಳೇ ಆರಿಸಿಕೊಟ್ಟಳು; ಗುಬ್ಬಿ ಅದನ್ನು ಮೂರನೇ ಹಂತದ ಕೆಳಗೇ ಬರೆದಳು: 'ಚೌಕ ಚಿಕ್ಕದಾಗಿ ಬಂದರೆ ಗಾಬರಿಯಾಗಬೇಡಿ. "ಹಾಳೆಗೆ ಹೊಂದಿಸು" ಎಂಬ ಕಡೆ ಗುರುತು ತೆಗೆದು, ನೂರಕ್ಕೆ ನೂರು ಇಟ್ಟು ಮತ್ತೆ ಮುದ್ರಿಸಿ.' ದರ್ಜಿ ಅದನ್ನು ಜೋರಾಗಿ ಓದಿದ, ಗಾಬರಿಯಾಗಬೇಡಿ ಎನ್ನುವುದು ಒಳ್ಳೆಯ ಮಾತು ಎಂದ. ಅಷ್ಟರಲ್ಲಿ ಅಕ್ಕ ಒಂದು ಅಂಗಿಯ ಬಗಲು ಬಿಚ್ಚಿ ನಾಲ್ಕು ಬೆರಳಗಲದ ಪಟ್ಟಿ ಇಟ್ಟು ತೋರಿಸಿದಳು. ತೋಳಿಗೂ ಒಂದು ಪಟ್ಟಿ. ಮೂವತ್ತೆರಡು ಅಂಗಿಗಳಿಗೂ ಪಟ್ಟಿ ಕೂರಿಸಲು ಎಲ್ಲರಿಗೂ ಮೂರು ದಿನ ಹಿಡಿಯಿತು. ಗಡಿಬಿಡಿ ಹೊಲಿದ ಎರಡನ್ನು ಮತ್ತೆ ಬಿಚ್ಚಿ ಹೊಲಿಯಬೇಕಾಯಿತು.

ಗುಬ್ಬಿಯ ಹಕ್ಕು ಗುಬ್ಬಿಯಲ್ಲೇ ಉಳಿಯಿತು. ರೇಖಾಚಿತ್ರ ಗೋಡೆಯಿಂದ ಇಳಿಯಿತು.

ವಾರ ಕಳೆದ ಮೇಲೆ ಒಂದು ದಿನ ನಾವು ಮೇಲೆ ಹೋದಾಗ ಸೊಸೆ ಒಂದೇ ಒಂದು ಹಾಳೆಯನ್ನು ಮೇಷ್ಟ್ರ ಮುಂದಿಟ್ಟಳು. ದರ್ಜಿಯ ಪತ್ರ. ಮೇಷ್ಟ್ರು ನಮಗೆ ಓದಿ ಹೇಳಿದರು: 'ಹೊಸ ಬಟ್ಟೆ ಬಂದಿದೆ. ಚೌಕ ಮುದ್ರಿಸಿದೆ. ಸ್ಕೇಲು ಇಟ್ಟೆ. ಐದಕ್ಕೆ ಐದು ಬಂತು. ಕತ್ತರಿ ಹಾಕಲಾ?'

"ಕೈಪಿಡಿಯಲ್ಲೇ ಇದೆಯಲ್ಲ ಉತ್ತರ," ಎಂದ ಗಡಿಬಿಡಿ.

ಯಾರೂ ಅವನ ಮಾತಿಗೆ ಕಿವಿಗೊಡಲಿಲ್ಲ. ಮೇಷ್ಟ್ರು ಕುರ್ಚಿ ಎಳೆದುಕೊಂಡರು. ಸೊಸೆ ಅವರ ಮಣಿಕಟ್ಟಿನ ಕೆಳಗೆ ಮಡಿಸಿದ ಬಟ್ಟೆಯೊಂದನ್ನು ಇಟ್ಟಳು. ಅವರು ಒಂದೇ ಬೆರಳಲ್ಲಿ, ಹುಡುಕಿ ಹುಡುಕಿ, ಎರಡಕ್ಷರ ಒತ್ತಿದರು: 'ಹಾಕು.'